ಹನೋಯ್ ಹೋಟೆಲಿನಲ್ಲಿ ಮುದ್ದೆ ಬೇಯಿಸಿದವರು

ದೇವನಹಳ್ಳಿ

ವಿಯೆಟ್ನಾಂ ಹೇಗಿತ್ತು ಎಂದು ಕೇಳಿದವರಿಗೆಲ್ಲ ‘ಚೆನ್ನಾಗಿತ್ತು’ ಎಂದು ಹೇಳಿ ಮಾತು ಮುಗಿಸುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಹೇಳಲು ಹೊರಟರೆ ಮೊದಲು ಮೂಗಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ, ಹಿಂದೆಯೇ ಕೋಪ. ಕೋಪದಲ್ಲಿ ಮಾತಾಡಿದರೆ ಹಿಂದುಮುಂದಾಗುತ್ತದೆ ಎಂದು ಬರೆಯುತ್ತಿದ್ದೇನೆ. ಬರೆಯುವಾಗಲೂ ಕೋಪವೇನೂ ಕಡಿಮೆಯಾಗಿಲ್ಲ.

ನಾವು ಹನ್ನೆರಡು ಜನ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನವರು. ಬೆಂಗಳೂರಿನ ವಿಮಾನ ನಿಲ್ದಾಣ ಹೆಸರಿಗೆ ಬೆಂಗಳೂರಿನದು, ನಮ್ಮ ಕಡೆಯವರಿಗೆ ಅದು ಹಿತ್ತಲಿನ ಜಾಗ. ಬೆಂಗಳೂರಿನವರು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿರುವಾಗ ನಾವು ಮನೆಯಲ್ಲಿ ಊಟ ಮುಗಿಸಿ, ಕೈ ತೊಳೆದು ಬಂದು ಕುಳಿತಿದ್ದೆವು. ಅದನ್ನೂ ನಮ್ಮ ಮುಂದಾಳು ನಂಜುಂಡಯ್ಯ ಮೇಷ್ಟ್ರು ಉಳಿತಾಯದ ಲೆಕ್ಕಕ್ಕೆ ಸೇರಿಸಿದರು.

ಮೇಷ್ಟ್ರು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪ್ರವಾಸದ ಏಜೆಂಟನ ಜೊತೆ ಹದಿನೈದು ದಿನ ಚೌಕಾಸಿ ಮಾಡಿ ಪ್ಯಾಕೇಜಿನಿಂದ ರಾತ್ರಿ ಊಟ ತೆಗೆಸಿದ್ದರು. ಆಮೇಲೆ ವಿಮೆಯನ್ನೂ ತೆಗೆಸಿದರು.

‘ಆರು ದಿನಕ್ಕೆ ಯಾರಿಗೆ ಏನಾಗ್ಬಿಡುತ್ತೆ? ಸುಮ್ನೆ ದಂಡ’ ಎಂದು ಒಂದು ಕಾಗದಕ್ಕೆ ಎಲ್ಲರ ಸಹಿ ಹಾಕಿಸಿಕೊಂಡರು.

ನಾನೂ ಹಾಕಿದೆ. ನಾನು ಚಿಂತಾಮಣಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ವಿಮೆ ಏಕೆ ಬೇಕು ಎಂಬ ಪಾಠವನ್ನು ವರ್ಷಕ್ಕೊಮ್ಮೆ ಮಾಡುತ್ತೇನೆ. ಗ್ರಾಹಕರು ಕೊಳ್ಳುವ ಮುನ್ನ ಏನೇನು ನೋಡಬೇಕು ಎಂಬ ಪಾಠವನ್ನೂ ಮಾಡುತ್ತೇನೆ. ನನ್ನ ಕೈಬರಹ ಆ ಕಾಗದದ ಮೇಲೆ ಬಹಳ ಅಂದವಾಗಿ ಬಂದಿದೆ.

ಗೌರಿಬಿದನೂರಿನಿಂದ ಬಂದು ನನ್ನ ಜೊತೆ ಸೇರಿದವಳು ನನ್ನ ಅಕ್ಕ ಸರೋಜ. ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚು ರಾಗಿಹಿಟ್ಟಿತ್ತು. ಮಧ್ಯೆ ಟವೆಲ್ಲಿನಲ್ಲಿ ಸುತ್ತಿದ ಕರೆಂಟ್ ಒಲೆ, ಸುರುಳಿ ಕೆಂಪಗೆ ಕಾಯುತ್ತದಲ್ಲ, ಅಂಥದು. ಪಕ್ಕದಲ್ಲಿ ಮುದ್ದೆ ಕೋಲು.

‘ಅಕ್ಕಾ, ಇದೆಲ್ಲ ಯಾಕೆ?’

‘ಆರು ದಿನ ಆ ದಾರದಂಥ ಶಾವಿಗೆ ತಿಂದು ಇರಕ್ಕಾಗಲ್ಲಮ್ಮ ನಂಗೆ. ನೀನು ತಿನ್ಕೊ.’

ಹನೋಯ್, ಮೊದಲ ದಿನ

ಹನೋಯ್‌ನಲ್ಲಿ ರಸ್ತೆ ದಾಟುವುದನ್ನು ಕಲಿಯಲು ಒಂದು ಬೆಳಗ್ಗೆ ಹಿಡಿಯಿತು. ಸ್ಕೂಟರುಗಳು ನಿಲ್ಲುವುದಿಲ್ಲ. ನಾವೂ ನಿಲ್ಲಬಾರದು. ಒಂದೇ ಸಮನೆ ನಿಧಾನವಾಗಿ ನಡೆಯುತ್ತಿದ್ದರೆ ಅವು ನಮ್ಮ ಎರಡೂ ಬದಿಯಿಂದ ನೀರಿನಂತೆ ಹರಿದು ಹೋಗುತ್ತವೆ. ಚಿಂತಾಮಣಿ ಬಸ್ ನಿಲ್ದಾಣದ ಮುಂದೆ ನಾವು ಓಡಿ ದಾಟುವವರು. ಅಲ್ಲಿ ಓಡಿದರೆ ಏಟು ಖಂಡಿತ.

ಜನ ಫುಟ್‌ಪಾತಿನ ಮೇಲೆ ನಮ್ಮ ಅಂಗನವಾಡಿ ಮಕ್ಕಳ ಸ್ಟೂಲಿನಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತು ಊಟ ಮಾಡುತ್ತಾರೆ. ಸೂಟು ಹಾಕಿದವರೂ ಅದರ ಮೇಲೆಯೇ. ಮೊಣಕಾಲು ಎದೆಗೆ ತಾಗುತ್ತದೆ. ತಿಂದು ಹಣ ಕೊಟ್ಟು ಏಳುತ್ತಾರೆ. ಬೆಲೆಯ ವಿಷಯಕ್ಕೆ ಯಾರೂ ದನಿ ಎತ್ತಿದ್ದು ಕಾಣಲಿಲ್ಲ. ದನಿ ಎತ್ತುತ್ತಿದ್ದವರು ನಾವು.

ಸಂಜೆ ಬಸ್ಸು ಹತ್ತಿದ ಮೇಲೆ ಮೇಷ್ಟ್ರು ಡ್ರೈವರ್ ಪಕ್ಕ ನಿಂತು ಹಾಜರಿ ಕೂಗುವ ದನಿಯಲ್ಲಿ ಕೇಳಿದರು, ‘ಹೂಂ, ಇವತ್ತಿನ ಉಳಿತಾಯ ಹೇಳಿ.’

ಇದು ಅವರದೇ ಪದ್ಧತಿ. ಪ್ರತಿಯೊಬ್ಬರೂ ಅಂದು ಏನು ಉಳಿಸಿದೆವು ಎಂದು ಹೇಳಬೇಕು. ಹೆಚ್ಚು ಉಳಿಸಿದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಒಬ್ಬರು ಹೋಟೆಲಿನ ತಿಂಡಿಯಿಂದ ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಬಂದಿದ್ದರು. ಒಬ್ಬರು ಗೈಡಿಗೆ ಟಿಪ್ಸ್ ಕೊಟ್ಟಿರಲಿಲ್ಲ, ಗೈಡಿನ ಎದುರೇ ಅದನ್ನು ಹೇಳಿದರು. ಅವನಿಗೆ ಕನ್ನಡ ಬರುವುದಿಲ್ಲ, ಚಪ್ಪಾಳೆ ಕೇಳಿ ಅವನೂ ತಟ್ಟಿದ.

ನನ್ನ ಸರದಿ ಬಂದಾಗ ನಾನು ಏನೂ ಉಳಿಸಿಲ್ಲ ಎಂದೆ.

‘ಏಮಮ್ಮಾ ವೀಣಾ, ಕಾಮರ್ಸ್ ಲೆಕ್ಚರರ್ ಆಗಿ?’ ಎಂದರು ಮೇಷ್ಟ್ರು. ಬಸ್ಸೆಲ್ಲ ನಕ್ಕಿತು. ಐವತ್ತರ ಹತ್ತಿರದ ಹೆಂಗಸು ನಾನು, ನನಗೆ ಮುಖ ಬಿಸಿಯಾಯಿತು. ಇದನ್ನು ಬರೆಯುವಾಗ ಆ ನಗುವಿಗಿಂತ ಆ ಮುಖ ಬಿಸಿಯಾದದ್ದರ ಮೇಲೆ ನನಗೆ ಹೆಚ್ಚು ಸಿಟ್ಟು.

ಹನೋಯ್, ಎರಡನೆಯ ದಿನ

ಅಕ್ಕನ ಒಲೆಯ ದಪ್ಪ ಮೂರು ಕಡ್ಡಿಯ ಪ್ಲಗ್ಗು ಹೋಟೆಲಿನ ಗೋಡೆಗೆ ಹೊಂದಲಿಲ್ಲ. ಮಧ್ಯೆ ಹಾಕುವ ಅಡಾಪ್ಟರ್ ಬೇಕಿತ್ತು. ಹಳೆ ಪೇಟೆಯ ಬೀದಿಯಲ್ಲಿ ಒಬ್ಬ ಮುದುಕಿ ವೈರು, ಬಲ್ಬು ಹರಡಿಕೊಂಡು ಕೂತಿದ್ದಳು. ಎರಡು ಬಗೆ ತೋರಿಸಿದಳು. ಒಂದು ಕಪ್ಪನೆಯದು, ಭಾರ, ಬೆಲೆ ಜಾಸ್ತಿ. ಇನ್ನೊಂದು ಬಿಳಿಯದು, ಬೆಂಕಿಪೊಟ್ಟಣದಷ್ಟು ಹಗುರ.

ನಾನು ಬಿಳಿಯದನ್ನು ಕೈಗೆತ್ತಿಕೊಂಡಾಗ ಅವಳು ಕಿವಿಗೆ ಕೈ ಹಿಡಿದು ಫೋನಿನ ಸನ್ನೆ ಮಾಡಿದಳು. ಫೋನಿಗೆ ಮಾತ್ರ ಎಂದು. ನಾನು ತಲೆಯಾಡಿಸಿದೆ. ಅಕ್ಕ ಪಾತ್ರೆಯಲ್ಲಿ ತಿರುವುವ ಸನ್ನೆ ಮಾಡಿದಳು. ಮುದುಕಿ ಬಿಳಿಯದನ್ನು ನನ್ನ ಕೈಯಿಂದ ಕಿತ್ತುಕೊಂಡು ಕಪ್ಪನೆಯದನ್ನು ಇಟ್ಟಳು. ಮಾರುವವಳು ಮಾರಲು ಒಪ್ಪದೆ ಹೀಗೆ ಕಿತ್ತುಕೊಳ್ಳುವುದನ್ನು ನಾನು ನಮ್ಮೂರಿನ ಯಾವ ಅಂಗಡಿಯಲ್ಲೂ ನೋಡಿಲ್ಲ. ನಾನು ಅದನ್ನು ಅರ್ಥ ಮಾಡಿಕೊಂಡದ್ದು ಹೀಗೆ: ದುಬಾರಿಯದನ್ನು ತಲೆಗೆ ಕಟ್ಟುತ್ತಿದ್ದಾಳೆ.

ಬಿಳಿಯದನ್ನೇ ಕೊಂಡೆ. ಅದರಲ್ಲೂ ಅರ್ಧ ಬೆಲೆಗೆ ಇಳಿಸಿದೆ. ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ಆಂಪ್ ತಡೆಯುತ್ತದೆ ಎಂದು ಬರೆದಿತ್ತು. ಓದಿದೆ. ಒಲೆಯದು ಎಷ್ಟೆಂದೂ ನನಗೆ ಗೊತ್ತಿತ್ತು. ಓದಿ ಚೀಲಕ್ಕೆ ಹಾಕಿಕೊಂಡೆ.

ಅಂದು ಬಸ್ಸಿನಲ್ಲಿ ಚಪ್ಪಾಳೆ ನನಗೆ ಬಿತ್ತು.

ಕೋಣೆಯ ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಅಲಾರಂ ಇತ್ತು. ಅದಕ್ಕೂ ಮೇಷ್ಟ್ರ ಬಳಿ ಉಪಾಯ ಇತ್ತು. ಬಚ್ಚಲುಮನೆಯಲ್ಲಿ ಪುಕ್ಕಟೆ ಇಟ್ಟಿರುತ್ತಾರಲ್ಲ ಶವರ್ ಕ್ಯಾಪು, ಅದನ್ನು ಅಲಾರಮ್ಮಿಗೆ ತೊಡಿಸಿದರೆ ಹೊಗೆ ಒಳಗೆ ಹೋಗುವುದಿಲ್ಲ. ದುಬೈಗೆ ಹೋದಾಗ ಕಲಿತದ್ದಂತೆ. ನಾನು ಅಕ್ಕನಿಗಿಂತ ಎತ್ತರ. ಕುರ್ಚಿ ಹತ್ತಿ ತೊಡಿಸಿದೆ.

ಆ ಸಂಜೆ ನಮ್ಮಿಬ್ಬರಿಗಷ್ಟೇ ಪುಟ್ಟ ಪಾತ್ರೆಯಲ್ಲಿ ಮುದ್ದೆಯಾಯಿತು. ಹುಣಸೆ ಗೊಜ್ಜು ಊರಿನಿಂದ ಬಂದಿತ್ತು. ವಾಸನೆ ಹಿಡಿದು ಆ ಮಹಡಿಯ ಕೋಣೆಗಳನ್ನು ಗುಡಿಸಿ ಒರೆಸುವ ಹೆಂಗಸು ಬಾಗಿಲು ತಟ್ಟಿದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಲಾನ್ ಎಂದು ಹೆಸರು. ಅಕ್ಕನ ವಯಸ್ಸು, ಅಕ್ಕನಷ್ಟೇ ಕುಳ್ಳಿ. ಒಲೆ ನೋಡಿದಳು, ಬೇಡ ಬೇಡ ಎಂದು ಕೈ ಆಡಿಸಿದಳು. ಅಕ್ಕ ಒಂದು ಚೂರು ಮುದ್ದೆ ಗೊಜ್ಜಿನಲ್ಲಿ ಅದ್ದಿ ಅವಳ ಕೈಗಿಟ್ಟಳು.

‘ಅಗೀಬೇಡಮ್ಮ, ನುಂಗು’ ಎಂದಳು ಕನ್ನಡದಲ್ಲಿ.

ಲಾನ್ ಅಗಿದಳು. ಮುಖ ಕಿವುಚಿದಳು. ನಕ್ಕಳು. ಹೋಗುವಾಗ ಒಲೆಯ ಕಡೆ ತೋರಿಸಿ ಇನ್ನೊಮ್ಮೆ ಕೈ ಆಡಿಸಿದಳು. ಕೆಳಗೆ ದೂರು ಕೊಡಲಿಲ್ಲ. ಅಲಾರಮ್ಮಿನ ಕಡೆ ಅವಳು ತಲೆಯೆತ್ತಿ ನೋಡಲಿಲ್ಲ.

ರೇಷ್ಮೆ ಹಳ್ಳಿ

ಮೂರನೆಯ ದಿನ ಊರಾಚೆಯ ರೇಷ್ಮೆ ನೇಯುವ ಹಳ್ಳಿಗೆ ಕರೆದುಕೊಂಡು ಹೋದರು. ಶಿಡ್ಲಘಟ್ಟದವರಿಗೆ ರೇಷ್ಮೆ ತೋರಿಸುವುದೆಂದರೆ. ನಮ್ಮ ಗುಂಪಿನಲ್ಲಿ ಅಫ್ಸರ್ ಸಾಬರಿದ್ದರು, ಮೂವತ್ತು ವರ್ಷ ಗೂಡು ಬೇಯಿಸಿ ನೂಲು ತೆಗೆದವರು. ಬಿಸಿನೀರಿನಲ್ಲಿ ಆಡಿ ಅವರ ಬೆರಳ ತುದಿಗಳು ಬೆಳ್ಳಗೆ ಒರಟಾಗಿವೆ. ಅಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸಿನ ಬೆರಳೂ ಹಾಗೇ ಇತ್ತು. ಇಬ್ಬರೂ ಕೈ ಪಕ್ಕಪಕ್ಕ ಇಟ್ಟು ನೋಡಿಕೊಂಡರು. ಸಾಬರು ಅವಳ ಬೋಗುಣಿಯಲ್ಲಿ ಕೈ ಹಾಕಿ ಎಳೆಯ ತುದಿ ಹಿಡಿದುಕೊಟ್ಟರು. ಅವಳು ಬೆಂದ ಹುಳುವನ್ನು ಉಪ್ಪು ಹಾಕಿ ಹುರಿದು ತಟ್ಟೆಯಲ್ಲಿ ಮುಂದಿಟ್ಟಳು.

‘ನಮ್ಮಲ್ಲಿ ಇದನ್ನ ಎಣ್ಣೆ ಮಿಲ್ಲಿಗೆ ಮಾರ್ತೀವಲ್ಲಮ್ಮ’ ಎಂದರು ಸಾಬರು. ಒಂದು ಬಾಯಿಗೆ ಹಾಕಿಕೊಂಡರು. ‘ಕಡ್ಲೆಕಾಯಿ ಇದ್ದಂಗೈತೆ.’

ಇಡೀ ಪ್ರವಾಸದಲ್ಲಿ ನಾನು ಮನಸ್ಸು ಹಗುರಾಗಿ ನಿಂತದ್ದು ಅಲ್ಲಿ ಮಾತ್ರ.

ವಾಪಸಾಗುವಾಗ ಮೇಷ್ಟ್ರು ಘೋಷಿಸಿದರು. ನಿನ್ನೆ ಸರೋಜಮ್ಮ ಇಬ್ಬರ ಊಟ ಉಳಿಸಿದ್ದಾರೆ, ಇವತ್ತು ಹನ್ನೆರಡೂ ಜನಕ್ಕೆ ಅವರ ಕೋಣೆಯಲ್ಲೇ ಮುದ್ದೆ. ದೊಡ್ಡ ಪಾತ್ರೆ ತಮ್ಮ ಬಳಿ ಇದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗು ಹೊದ್ದು ಎದ್ದುನಿಂತು ಕೈಮುಗಿದಳು. ಗಂಡನ ಮನೆಯಲ್ಲಿ ಮೂವತ್ತು ವರ್ಷ ಮುದ್ದೆ ತಿರುವಿದ್ದಕ್ಕೆ ಅವಳಿಗೆ ಒಮ್ಮೆಯೂ ಚಪ್ಪಾಳೆ ಸಿಕ್ಕಿರಲಿಲ್ಲ. ನಾನು ಬೇಡ ಎನ್ನಲಿಲ್ಲ.

ನಾಲ್ಕನೆಯ ಮಹಡಿ

ಸಂಜೆ ಆರೂವರೆ. ಒಲೆ ಕಿಟಕಿಯ ಪಕ್ಕದ ಕುಳ್ಳ ಮೇಜಿನ ಮೇಲೆ. ಅಕ್ಕ ಕಿಟಕಿ ಮತ್ತು ಮಂಚದ ನಡುವಿನ ಇಕ್ಕಟ್ಟಿನಲ್ಲಿ ನಿಂತು ಕೋಲು ಆಡಿಸುತ್ತಿದ್ದಳು. ನಾನು ಬಾಗಿಲ ಕಡೆಯ ಕುರ್ಚಿಯಲ್ಲಿ ಈರುಳ್ಳಿ ಬಿಡಿಸುತ್ತಿದ್ದೆ. ದೊಡ್ಡ ಪಾತ್ರೆಯಾದ್ದರಿಂದ ನೀರು ಕುದಿಯಲಿಕ್ಕೇ ಅರ್ಧ ಗಂಟೆ ಹಿಡಿದಿತ್ತು.

ಚಟ್ ಎಂದಿತು. ನೋಡಿದೆ. ಗೋಡೆಯಲ್ಲಿದ್ದ ಬಿಳಿ ಅಡಾಪ್ಟರ್ ಕಂದಾಗಿತ್ತು, ಕಾದ ಬೆಲ್ಲದಂತೆ ಕೆಳಕ್ಕೆ ಜಗ್ಗಿತ್ತು. ಅಕ್ಕನ ಬೆನ್ನು ಆ ಕಡೆ ಇತ್ತು, ಅವಳಿಗೆ ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು.

ಆಗ ನನ್ನ ತಲೆಗೆ ಬಂದದ್ದನ್ನು ಇದ್ದಂತೆ ಬರೆಯುತ್ತೇನೆ. ಈಗ ಆರಿಸಿದರೆ ಹಿಟ್ಟು ಅರ್ಧ ಬೆಂದು ಹನ್ನೆರಡು ಜನರ ಊಟ ಹಾಳಾಗುತ್ತದೆ, ಇನ್ನೆರಡು ನಿಮಿಷ ತಡೆದುಕೊಂಡರೆ ಆಗಿಹೋಗುತ್ತದೆ. ಇಷ್ಟು ಯೋಚನೆ ಸಾಲಾಗಿ, ಸಮಾಧಾನವಾಗಿ ಬಂತು. ಈರುಳ್ಳಿಯ ಇನ್ನೊಂದು ಪದರ ಬಿಡಿಸಿದೆ. ದಿನಕ್ಕೆ ಹತ್ತು ಸಲ ನಾನು ಆ ಪದರ ಬಿಡಿಸುತ್ತೇನೆ. ತರಗತಿಯಲ್ಲಿ, ಬಸ್ಸಿನಲ್ಲಿ, ಅನ್ನಕ್ಕೆ ಇಟ್ಟು ನಿಂತಾಗ. ಪ್ರತಿ ಸಲವೂ ಎದ್ದು ಹೋಗಿ ಸ್ವಿಚ್ಚು ಆರಿಸುವಷ್ಟು ಹೊತ್ತು ಇರುತ್ತದೆ.

ಗೋಡೆಯಿಂದ ಬೆಂಕಿ ನೆಟ್ ಪರದೆಗೆ ಹತ್ತಿತು. ಪರದೆ ಹತ್ತಲಿಲ್ಲ, ಮಾಯವಾಯಿತು ಎನ್ನಬೇಕು. ಕೆಳಗಿನಿಂದ ಮೇಲಿನವರೆಗೆ ಒಂದೇ ಉಸಿರಿಗೆ. ಉರಿಯುವ ಚೂರು ಅಕ್ಕನ ತೋಳಿನ ಮೇಲೆ ಬಿತ್ತು. ಅಕ್ಕ ತಿರುಗಿದಳು. ಒಂದು ಕಡೆ ಬೆಂಕಿ, ಒಂದು ಕಡೆ ಮಂಚ, ಮುಂದೆ ಕುದಿಯುವ ಪಾತ್ರೆ. ‘ವೀಣಾ’ ಎಂದಳು. ಕೂಗಲಿಲ್ಲ, ಉಪ್ಪು ಕೊಡು ಎಂದು ಕೇಳುವ ದನಿಯಲ್ಲಿ ಕರೆದಳು. ನನಗೆ ಏಳಲಾಗಲಿಲ್ಲ. ನಾನು ಹೆದರಿ ಕಿರುಚಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಬಾಯಿಯಿಂದ ದನಿಯೇ ಬರಲಿಲ್ಲ. ಚಾವಣಿಯಲ್ಲಿ ಅಲಾರಮ್ಮಿನ ಪುಟ್ಟ ದೀಪ ಶವರ್ ಕ್ಯಾಪಿನೊಳಗೆ ಮಿಣುಕುತ್ತಿತ್ತು. ಅದೂ ಕೂಗಲಿಲ್ಲ.

ಬಾಗಿಲು ತೆರೆದವಳು ಲಾನ್. ಬಾಗಿಲ ಸಂದಿಯಿಂದ ಹೊಗೆ ಕಂಡಿರಬೇಕು. ಸೀದಾ ಮಂಚ ಹತ್ತಿ, ಅಕ್ಕನನ್ನು ಕಂಕುಳಿಗೆ ಕೈಹಾಕಿ ಮಂಚದ ಮೇಲೆ ಎಳೆದುಕೊಂಡಳು. ತೋಳಿನ ಬೆಂಕಿಯನ್ನು ಹೊದಿಕೆಯಿಂದ ಒತ್ತಿದಳು. ಮತ್ತೆ ಹೋಗಿ ಟವೆಲ್ಲು ಸುತ್ತಿದ ಕೈಯಲ್ಲಿ ವೈರು ಹಿಡಿದೆಳೆದಳು. ಕರಗಿದ ಪ್ಲಾಸ್ಟಿಕ್ಕು ಟವೆಲ್ಲಿನೊಳಗಿಂದ ಅವಳ ಅಂಗೈಗೆ ಅಂಟಿತು. ಅವಳು ಆಗ ಮಾಡಿದ ಸದ್ದನ್ನು ನಾನು ಬರೆಯುವುದಿಲ್ಲ. ಅದೇ ಕೈಯಲ್ಲಿ ಹೊರಗಿನ ಕೆಂಪು ಸಿಲಿಂಡರ್ ತಂದು ಬೆಂಕಿ ಆರಿಸಿದಳು.

ಅಷ್ಟರಲ್ಲಿ ತಟ್ಟೆ ಹಿಡಿದುಕೊಂಡು ಊಟಕ್ಕೆ ಬಂದ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಯಾರೋ ಟೂತ್‌ಪೇಸ್ಟ್ ಹಚ್ಚಿ ಎಂದರು. ಅಫ್ಸರ್ ಸಾಬರು ಅವರನ್ನು ತಳ್ಳಿಕೊಂಡು ಒಳಗೆ ಬಂದರು.

‘ಏನೂ ಹಚ್ಚಬಾರ್ದು. ನೀರು, ಬರೀ ನೀರು.’

ಲಾನ್‌ಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಅಕ್ಕನ ತೋಳನ್ನು ಶವರಿನ ಕೆಳಗೆ ಇಡಿಸಿ, ಇಪ್ಪತ್ತು ನಿಮಿಷ ಹಾಗೇ ನಿಂತರು. ಅಕ್ಕನದು ಮೇಲುಮೇಲಿನ ಗಾಯ. ಲಾನ್‌ಳ ಅಂಗೈ ನೋಡಿ ಸಾಬರು ಮುಖ ತಿರುಗಿಸಿಕೊಂಡರು.

ಮೇಷ್ಟ್ರ ಕೋಣೆ

ಈ ಗದ್ದಲದಲ್ಲಿ ಮೇಷ್ಟ್ರು ಒಂದು ಕೆಲಸ ಚೆನ್ನಾಗಿ ಮಾಡಿದ್ದರು. ಕುರ್ಚಿ ಹತ್ತಿ ಶವರ್ ಕ್ಯಾಪು ಕಿತ್ತು ಜೇಬಿಗಿಟ್ಟುಕೊಂಡಿದ್ದರು. ಒಲೆ ಅವರ ಪೆಟ್ಟಿಗೆ ಸೇರಿತ್ತು. ಪಾತ್ರೆ ತೊಳೆದಾಗಿತ್ತು. ಮುದ್ದೆ ಕೋಲು ಕೂಡ ಕಾಣಲಿಲ್ಲ.

‘ನೋಡಿ, ವಿಮೆ ಇಲ್ಲ’ ಎಂದರು, ಯಾರೋ ಬೇರೆಯವರು ತೆಗೆಸಿದಂತೆ. ‘ಇವರು ಪೂರ್ತಿ ಕೋಣೆ ದುಡ್ಡು ಕೇಳ್ತಾರೆ. ಪಾಸ್‌ಪೋರ್ಟ್ ಇಟ್ಕೊಂಡ್ರೆ ಕಥೆ ಮುಗೀತು. ಫೋನ್ ಚಾರ್ಜ್‌ಗೆ ಹಾಕಿದ್ವಿ, ಗೋಡೆ ಪ್ಲಗ್ಗು ಸರಿ ಇರ್ಲಿಲ್ಲ. ಎಲ್ಲಾರೂ ಇದನ್ನೇ ಹೇಳಣ.’

‘ಆ ಯಮ್ಮ ಒಲೆ ನೋಡಿದಾಳಲ್ಲ ಮೇಷ್ಟ್ರೇ’ ಎಂದರು ಸಾಬರು.

‘ನೋಡಿ ದೂರು ಕೊಟ್ಟಿಲ್ಲ ಅಂದ್ರೆ ತಪ್ಪು ಅವಳದೇ. ಅವಳು ಬಾಯಿ ಬಿಡಲ್ಲ, ಸುಮ್ನಿರಿ.’

ಗಣಿತದ ಮೇಷ್ಟ್ರು. ಲೆಕ್ಕ ಎಷ್ಟು ಬೇಗ ಮಾಡಿದರು ನೋಡಿ.

ಮ್ಯಾನೇಜರ್ ಕನ್ನಡಕದ ಯುವಕ, ಇಂಗ್ಲಿಷ್ ತಡವರಿಸಿ ಮಾತಾಡುತ್ತಿದ್ದ. ಫೋನ್ ಚಾರ್ಜಿನ ಕಥೆ ಕೇಳಿ ಬರೆದುಕೊಂಡ. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಅಕ್ಕ ಆಸ್ಪತ್ರೆಯಿಂದ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಅವಳನ್ನು ಸುಮ್ಮನೆ ಊರಿಗೆ ಕರೆದುಕೊಂಡು ಹೋದರೆ ಸಾಕು ಎನಿಸಿತ್ತು. ಅಂದು ಎಲ್ಲರೂ ಹೊರಗೆ ಹೋಗಿ ಊಟ ಮಾಡಿದರು. ಯಾರೂ ಚೌಕಾಸಿ ಮಾಡಲಿಲ್ಲವಂತೆ.

ಮಾರನೆಯ ಬೆಳಗ್ಗೆ

ಮುಂದಿನ ಊರಿಗೆ ಹೊರಡಬೇಕಾದ ಬಸ್ಸು ಬಾಗಿಲಲ್ಲಿ ನಿಂತಿತ್ತು. ಸಾಮಾನು ಇಳಿಸಲು ಕೆಳಗೆ ಬಂದರೆ ಲಾನ್ ಮ್ಯಾನೇಜರನ ಮೇಜಿನ ಮುಂದೆ ನಿಂತಿದ್ದಳು. ಬಲಗೈಗೆ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ. ಮೇಜಿನ ಮೇಲೆ ಒಂದು ಪುಸ್ತಕ ತೆರೆದಿತ್ತು. ಪ್ರತಿ ದಿನ ಪ್ರತಿ ಕೋಣೆಯ ಪ್ಲಗ್ಗು, ಅಲಾರಂ ಪರೀಕ್ಷಿಸಿ ಆ ಮಹಡಿಯವಳು ಸಹಿ ಹಾಕುವ ಪುಸ್ತಕ. ನಮ್ಮ ಕೋಣೆಯ ಸಾಲಿನಲ್ಲಿ ಲಾನ್‌ಳ ಸಹಿ ಇತ್ತು. ಅಲಾರಂ ಕೂಗಲಿಲ್ಲ. ಪ್ಲಗ್ಗು ಸುಟ್ಟಿತು. ಹಾಗಾದರೆ ನೋಡದೆಯೇ ಸಹಿ ಹಾಕಿದ್ದಾಳೆ. ಅವಳು ಒಲೆಯ ವಿಷಯ ಹೇಳಿದ್ದಳು. ಆದರೆ ಕೋಣೆಯಲ್ಲಿ ಒಲೆ ಇರಲಿಲ್ಲ, ಹನ್ನೆರಡು ಜನ ಅತಿಥಿಗಳು ಒಂದೇ ಮಾತು ಹೇಳಿದ್ದರು. ಹದಿಮೂರು ವರ್ಷದ ಕೆಲಸ ಅವತ್ತಿಗೆ ಕೊನೆ, ಕೈಯ ಚಿಕಿತ್ಸೆಯೂ ಅವಳದೇ ಖರ್ಚು. ಇದೆಲ್ಲ ಸಾಮಾನು ಇಳಿಸುತ್ತಿದ್ದ ನಮ್ಮ ಗೈಡ್ ಹೇಳಿದ್ದು, ಹವಾಮಾನ ಹೇಳುವ ದನಿಯಲ್ಲಿ.

ಮುಂದೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಲಾನ್‌ಳ ಕೆಲಸ ಉಳಿಯಿತು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬರೆದಿದ್ದ ದೂರನ್ನು ಮ್ಯಾನೇಜರ್ ನಮ್ಮೆದುರೇ ಹೊಡೆದುಹಾಕಿದ. ಕೋಣೆ, ಪರದೆ, ಮಂಚ, ಎರಡು ತಿಂಗಳ ಆಸ್ಪತ್ರೆ, ಎರಡು ತಿಂಗಳ ಸಂಬಳ, ಎಲ್ಲ ಸೇರಿ ಒಂದು ಬಿಲ್ಲಾಯಿತು. ನಾನು ಕಾರ್ಡ್ ಉಜ್ಜಿದೆ. ಅಫ್ಸರ್ ಸಾಬರು ಊರಿಗೆ ಬಂದ ಮೇಲೆ ಅದರಲ್ಲಿ ಒಂದು ಪಾಲು ತಂದು, ಬೇಡವೆಂದರೂ ಬಿಡದೆ ಕೊಟ್ಟರು. ಮಿಕ್ಕವರು ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ಅಡಾಪ್ಟರ್ ಕೊಂಡವಳು ನಾನು. ನನ್ನ ಸಿಟ್ಟು ಹಣಕ್ಕಲ್ಲ. ವಿಮಾನದಲ್ಲಿ ಹಿಂದಿನ ಸಾಲಿನಿಂದ ‘ಇವಳು ಬಾಯಿ ಮುಚ್ಕೊಂಡಿದ್ದಿದ್ರೆ ಆಗ್ತಿತ್ತು’ ಎಂಬ ಮಾತು ಕೇಳಿತಲ್ಲ, ಅದಕ್ಕೆ. ನಾಲ್ಕು ಗಂಟೆ ಪ್ರಯಾಣದಲ್ಲಿ ಲಾನ್‌ಳ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಅವಳ ಹೆಸರು ಅವರಿಗೆ ಗೊತ್ತೂ ಇರಲಿಲ್ಲ.

ಈಗ ಆ ಮೇಜಿನ ಮುಂದಿನದು.

ನಾನು ಹೋಗಿ ಹೇಳಿದೆ. ಒಲೆ ನಮ್ಮದು, ಅಡಾಪ್ಟರ್ ನಾನು ಕೊಂಡದ್ದು, ಅಲಾರಮ್ಮಿಗೆ ಪ್ಲಾಸ್ಟಿಕ್ ಮುಚ್ಚಿದವಳು ನಾನು. ಮ್ಯಾನೇಜರಿಗೆ ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲವೋ, ನಂಬಲಾಗಲಿಲ್ಲವೋ, ಸುಮ್ಮನೆ ನೋಡುತ್ತಿದ್ದ. ಮೇಷ್ಟ್ರು ಓಡಿಬಂದರು. ನನಗೆ ಶಾಕ್ ಆಗಿದೆ, ರಾತ್ರಿಯಿಂದ ಏನೇನೋ ಮಾತಾಡುತ್ತಿದ್ದಾಳೆ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಕನ್ನಡದಲ್ಲಿ, ಹಲ್ಲು ಕಚ್ಚಿ, ‘ಬಸ್ ಹತ್ತಮ್ಮ’ ಎಂದರು.

ಆಗ ಮೆಟ್ಟಿಲ ಬಳಿ ಕೂತಿದ್ದ ಅಕ್ಕ ಎದ್ದು ಬಂದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಏನು ನಡೆಯುತ್ತಿದೆ ಎಂದು ತಿಳಿದಿತ್ತು.

‘ಮೇಷ್ಟ್ರೇ, ಜೇಬಲ್ಲಿರೋದು ಕೊಡಿ.’

‘ಏನು?’

‘ನಿಮ್ಮ ಹಳೇ ಷರಟು ಒಗೆಯೋದು ಊರಿಗೆ ಹೋದ್ಮೇಲೆ ತಾನೆ? ನಿನ್ನೆ ಷರಟೇ ಹಾಕಿದೀರ. ಅದರಲ್ಲೇ ಐತೆ. ಕೊಡಿ.’

ಮೇಷ್ಟ್ರು ಅಲುಗಲಿಲ್ಲ. ಅಕ್ಕ ಪಟ್ಟಿ ಕಟ್ಟಿದ ತೋಳನ್ನು ಹಾಗೇ ಚಾಚಿ ಅವರ ಷರಟಿನ ಜೇಬಿಗೆ ಕೈಹಾಕಿ ಶವರ್ ಕ್ಯಾಪು ತೆಗೆದು ನನಗೆ ಕೊಟ್ಟಳು. ಮೂವತ್ತು ವರ್ಷ ಹುಡುಗರ ಜೇಬು ತಪಾಸಣೆ ಮಾಡಿದ ಮೇಷ್ಟ್ರು ಖಾಲಿ ಜೇಬನ್ನು ಒತ್ತಿ ಸರಿಮಾಡಿಕೊಂಡರು. ಕ್ಯಾಪಿಗೆ ಮಸಿ ಹಿಡಿದಿತ್ತು.

ನಾನು ಮೇಜಿನ ಪಕ್ಕದ ಮರದ ಕುರ್ಚಿ ಎಳೆದೆ, ಚಪ್ಪಲಿ ಬಿಟ್ಟು ಹತ್ತಿದೆ. ಅಲ್ಲಿಯೂ ಚಾವಣಿಯಲ್ಲಿ ಅಂಥದೇ ಅಲಾರಂ ಇತ್ತು. ಎರಡೂ ಕೈಯೆತ್ತಿ ಕ್ಯಾಪನ್ನು ಅಗಲಿಸಿ ಅದಕ್ಕೆ ತೊಡಿಸಿದೆ, ಎರಡು ದಿನದ ಹಿಂದೆ ತೊಡಿಸಿದಂತೆಯೇ. ಬಸ್ಸಿನ ಕಿಟಕಿಗಳಿಂದ ನಮ್ಮವರೆಲ್ಲ ನೋಡುತ್ತಿದ್ದರು. ಮ್ಯಾನೇಜರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕೆಳಗಿನಿಂದ ಲಾನ್ ಏನೋ ಗಡುಸಾಗಿ ಹೇಳಿದಳು. ಬೈಯುತ್ತಿದ್ದಾಳೆ, ಬೈಯಲಿ ಎಂದುಕೊಂಡೆ. ಅಂಥದೊಂದು ಬೈಗುಳ ನನಗೆ ಬೇಕಿತ್ತು. ತಲೆ ಬಗ್ಗಿಸಿ ನೋಡಿದರೆ ಅವಳು ಬಗ್ಗಿ, ಪಟ್ಟಿ ಇಲ್ಲದ ಕೈಯಲ್ಲಿ ಕುರ್ಚಿಯ ಕಾಲು ಹಿಡಿದುಕೊಂಡಿದ್ದಳು.

‘ಏನಂತಾಳೆ?’ ಎಂದು ಗೈಡನ್ನು ಇಂಗ್ಲಿಷಿನಲ್ಲಿ ಕೇಳಿದೆ.

‘ಆ ಕುರ್ಚಿಯ ಕಾಲು ಸರಿಯಿಲ್ಲ, ಬೇಗ ಇಳಿಯಿರಿ ಎನ್ನುತ್ತಿದ್ದಾಳೆ.’